ಇಗರ್ಜಿಯ ಹಸುಗೂಸುಗಳಿಗೊಂದು ಕೌದಿ

ಸದಸ್ಯ ಬಾಂಧವರಿಗೆ ಈ ಪತ್ರಿಕೆಯಲ್ಲಿ ಕೊಳೆರೋಗ, ಕಾಯಿಕೊರಕ, ಪೇಟೆ ಧಾರಣೆ, ಸಾಲದ ಕಂತು ಇವುಗಳ ಬಗ್ಗೆ ಓದಿ ರೂಢಿಯಾಗಿದೆ. ಈ ಸಂಚಿಕೆಯಲ್ಲಿ ಕಾರ್ಯದರ್ಶಿಯು ಹಳೆಯ ಸೀರೆ, ಸೂಜಿ, ದಾರಗಳ ವಿಷಯ ಎತ್ತಿಕೊಂಡಿರುವುದನ್ನು ಕಂಡು ಕೆಲವರಿಗೆ ಸೋಜಿಗವಾದೀತು. ಆದರೆ ಕೊನೆಯವರೆಗೆ ಓದಿದವರಿಗೆ ಇದು ನಮ್ಮ ತೋಟದ ವಿಷಯವೂ ಹೌದು, ಸಹಕಾರದ ವಿಷಯವೂ ಹೌದು ಎಂಬುದು ತಿಳಿದೀತೆಂದು ನಂಬಿದ್ದೇವೆ.

ಕಳೆದ ಆಷಾಢದ ಒಂದು ಮಧ್ಯಾಹ್ನ. ಮಳೆ ಹಿಡಿದು ಮೂರು ದಿನವಾಗಿತ್ತು. ಎರಡನೆಯ ಮದ್ದು ಹೊಡೆಯಲು ಹೊಳವಾಗುವುದನ್ನು ಕಾಯುತ್ತ ನಾವು ಜಗಲಿಯಲ್ಲಿ ಕುಳಿತಿದ್ದೆವು. ಇಪ್ಪತ್ತು ವರ್ಷಗಳಿಂದ ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿರುವ ಸಿದ್ದಿ ಹೆಂಗಸೊಬ್ಬರು ಕೊಪ್ಪೆ ಹಾಕಿಕೊಂಡು ಅಂಗಳ ದಾಟಿ ಬಂದರು. ಕ್ರಿಸ್ತ ಮತದವರು; ಮೊಮ್ಮಕ್ಕಳನ್ನು ಕಂಡವರು. ಊರಲ್ಲಿ ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುವುದು. ಮಳೆಗಾಲದಲ್ಲಿ ಮುಂಗಡ ಕೇಳಲು ಬರುವುದುಂಟು, ಇದೂ ಹಾಗೇ ಇರಬಹುದೆಂದು ನಾವು ಎಣಿಸಿದೆವು. ಆದರೆ ಅವರು ಕೇಳಿದ್ದು ನಮ್ಮನ್ನಲ್ಲ, ಒಳಗಿದ್ದ ನಮ್ಮ ಮನೆಯವರನ್ನು.

“ಅಮ್ಮೋರೆ, ಹಳೇ ಹತ್ತಿ ಸೀರೆ ಇದ್ರೆ ಕೊಡ್ರಾ. ಹರಿದಿದ್ರೂ ಅಡ್ಡಿಲ್ಲ. ಬಣ್ಣ ಇರ್ಬೇಕು.”

ಕೌದಿ ಹೊಲಿಯಲೆಂದು ಸೀರೆ ಕೇಳುವುದು ಹೊಸತಲ್ಲ. ಯಾರಿಗೆ ಕೌದಿ, ಮೊಮ್ಮಗಳಿಗೋ ಎಂದು ಕೇಳಿದ್ದಕ್ಕೆ ಬಾಯಿ ನಕ್ಕು, “ಇಗರ್ಜಿಯ ಪುಟ್ಟ ಮಕ್ಕಳಿಗೆ” ಎಂದರು. ಆ ಮಾತಿನ ಅರ್ಥ ನಮಗೆ ಕೂಡಲೇ ಆಗಲಿಲ್ಲ.

ಹೊರಗೆ ಕೂರುವ ತಾಯಂದಿರು

ಸಂಗತಿ ಇಷ್ಟು. ಅವರ ಇಗರ್ಜಿ ಚಿಕ್ಕದು. ಭಾನುವಾರದ ಪೂಜೆ ಒಂದು ತಾಸಿಗೆ ಕಡಿಮೆಯಿಲ್ಲ, ಹಬ್ಬದ ದಿನ ಇನ್ನೂ ದೀರ್ಘ. ಕೈಗೂಸುಗಳು ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಒಂದು ಅಳಲು ತೊಡಗಿದರೆ ಇನ್ನೊಂದು ಜೊತೆಗೂಡುತ್ತದೆ. ಅಂಬೆಗಾಲಿಕ್ಕುವ ಮಗು ಪೂಜಾಪೀಠದ ಕಡೆಗೇ ಹೊರಡುತ್ತದೆ. ಮುಂದೆ ಕುಳಿತವರು ತಿರುಗಿ ನೋಡುತ್ತಾರೆ. ತಾಯಿ ನಾಚಿ, ಮಗುವನ್ನೆತ್ತಿಕೊಂಡು ಹೊರಗೆ ಹೋಗಿ ಮಾವಿನ ಮರದ ಬುಡದಲ್ಲಿ ಕೂರುತ್ತಾಳೆ. ಒಂದು ಮಗು ನಡೆಯುವ ಹೊತ್ತಿಗೆ ಇನ್ನೊಂದು ಹುಟ್ಟಿರುತ್ತದೆ. ಹೀಗೆ ಐದಾರು ವರ್ಷ ಆ ತಾಯಿ ಇಗರ್ಜಿಗೆ ತಪ್ಪದೆ ಬಂದರೂ ಒಂದು ಪ್ರವಚನವನ್ನೂ ಪೂರ್ತಿ ಕೇಳಿರುವುದಿಲ್ಲ.

“ನಾನೂ ಹಂಗೇ ಹೊರಗೆ ಕೂತವಳು. ನನ್ನ ಮಗಳೂ ಕೂತಳು. ಈಗ ಸೊಸೆ ಕೂತಿದಾಳೆ,” ಎಂದರು ಬಾಯಿ.

ಆ ಮಳೆಗಾಲದಲ್ಲಿ ಅಲ್ಲಿಯ ಹೆಂಗಸರು ನಾಲ್ಕಾರು ಮಂದಿ ಕೂಡಿ ಒಂದು ನಿರ್ಧಾರಕ್ಕೆ ಬಂದಿದ್ದರು. ಇಗರ್ಜಿಯ ಹಿಂಬದಿಯ ಮೂಲೆಯಲ್ಲಿ ಹಾಸಲು ಚಿಕ್ಕ ಚಿಕ್ಕ ಕೌದಿಗಳನ್ನು ಹೊಲಿಯುವುದು. ಬರಿಯ ಕೌದಿಯಲ್ಲ, ಮಗು ಕೈಯಾಡಿಸಿ, ಎಳೆದು, ತೆರೆದು, ಮುಚ್ಚಿ ಆಡುವಂಥ ಚಿತ್ರಗಳಿರುವ ಕೌದಿ. ಚಿತ್ರಗಳು ಅವರ ಧರ್ಮಗ್ರಂಥದವೇ ಆಗಿರಬೇಕು. ಹೊರದೇಶದ ಇಗರ್ಜಿಗಳಲ್ಲಿ ಇಂಥವನ್ನು ಮಾಡುವುದುಂಟು. ಅಮೆರಿಕ, ಇಂಗ್ಲೆಂಡುಗಳಲ್ಲಿ ಮಕ್ಕಳು ಪೂಜೆಯ ಹೊತ್ತಿನಲ್ಲಿ ಸದ್ದಿಲ್ಲದೆ ಆಡಿಕೊಂಡಿರಲೆಂದು ಬಟ್ಟೆಯ ಪುಟಗಳ ಪುಸ್ತಕ, ಚಿತ್ರದ ಹಚ್ಚಡಗಳನ್ನು ಹೆಂಗಸರು ಹೊಲಿದು ಕೊಡುತ್ತಾರೆ. ನಮ್ಮ ಬಾಯಿಯವರಿಗೆ ಅದನ್ನು ಹೇಳಿದವರು ಅಲ್ಲಿಗೆ ಬರುತ್ತಿದ್ದ ಒಬ್ಬ ಸಿಸ್ಟರು. ಹೇಳಿದ್ದಷ್ಟೇ ಅವರು, ಹೊಲಿಗೆಯ ವಿದ್ಯೆ ಇವರಲ್ಲಿ ಮೊದಲೇ ಇತ್ತು.

ಸಿದ್ದಿಗಳ ಕೌದಿ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳ ಸದಸ್ಯರಿಗೆ ಸಿದ್ದಿಗಳ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಘಟ್ಟದ ಕೆಳಗಿನ ಮತ್ತು ದೂರದ ಜಿಲ್ಲೆಗಳ ಸದಸ್ಯರಿಗಾಗಿ ಎರಡು ಮಾತು. ಇವರ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರ ಹಾಗೂ ಅರಬ ವರ್ತಕರ ಹಡಗುಗಳಲ್ಲಿ ಬಂದವರು. ಅನೇಕರು ಗೋವೆಯಲ್ಲಿ ಗುಲಾಮರಾಗಿದ್ದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಇಂದು ಅವರಲ್ಲಿ ಹಿಂದೂಗಳೂ, ಕ್ರೈಸ್ತರೂ, ಮುಸಲ್ಮಾನರೂ ಇದ್ದಾರೆ. ಮನೆಯ ಮಾತು ಬಹುಮಟ್ಟಿಗೆ ಕೊಂಕಣಿ; ನಮ್ಮೊಡನೆ ಕನ್ನಡ. ೨೦೦೩ರಲ್ಲಿ ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ನಮ್ಮ ಹಿರಿಯರ ತೋಟಗಳಲ್ಲಿ ಸಿದ್ದಿಗಳು ಸಾಲ ತೀರಿಸಲು ತಲೆಮಾರುಗಟ್ಟಲೆ ದುಡಿದುದುಂಟು. ೧೯೭೬ರಲ್ಲಿ ಜೀತ ರದ್ದತಿಯ ಕಾಯಿದೆ ಬಂದಮೇಲೆ ಕಾಗದದಲ್ಲಿ ಅದು ಅಳಿಯಿತು. ಮನಸ್ಸಿನಿಂದ ಅಳಿಯಲು ಹೆಚ್ಚು ಕಾಲ ಬೇಕಾಯಿತು. ನಮಗೂ ಬೇಕಾಯಿತು ಎಂಬುದು ಈ ಲೇಖನದ ಕೊನೆಗೆ ತಿಳಿಯುತ್ತದೆ.

ಉತ್ತರ ಕರ್ನಾಟಕದ ಎಲ್ಲ ಕಡೆಯೂ ಕೌದಿಯುಂಟು. ಆದರೆ ಸಿದ್ದಿ ಹೆಂಗಸರ ಕೌದಿಗೆ ಅದರದೇ ಒಂದು ಲಕ್ಷಣವಿದೆ. ಅವರು ಇದನ್ನು ಕವಂದಿ ಎನ್ನುತ್ತಾರೆ. ಮೊದಲು ತುಂಡುಗಳನ್ನು ಜೋಡಿಸಿ, ಆಮೇಲೆ ಹೊಲಿಯುವ ಕ್ರಮ ಇವರದಲ್ಲ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ಅಂಚು ಹಿಡಿದು ಹೊಲಿಯುತ್ತ ಸುತ್ತು ಬರುತ್ತಾರೆ. ತುಂಡು ಇಡುವುದೂ ಹೊಲಿಯುವುದೂ ಒಟ್ಟಿಗೇ. ಸುತ್ತು ಒಳಗೊಳಗೆ ಸರಿಯುತ್ತ ಕೊನೆಗೆ ನಡುವಿಗೆ ಬಂದು ಮುಗಿಯುತ್ತದೆ. ಸೂಜಿ ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ. ಸಾಲಿನ ಪಕ್ಕಕ್ಕೆ ಸಾಲು, ನಾಟಿ ಗದ್ದೆಯಂತೆ ಒತ್ತಾಗಿ. ಚಿಕ್ಕ ಬಣ್ಣದ ತುಂಡುಗಳಿಗೆ ಟಿಕೇಲಿ ಎಂದು ಹೆಸರು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಮಡಿಸಿ ಹೊಲಿದ ತ್ರಿಕೋನಾಕಾರದ ‘ಫುಲಾ’, ಎಂದರೆ ಹೂವು, ಇರಲೇಬೇಕು. ಅದಿಲ್ಲದ ಕೌದಿ ಬತ್ತಲೆಯಂತೆ. ಕ್ರೈಸ್ತ ಮನೆಗಳ ಕೌದಿಯಲ್ಲಿ ಶಿಲುಬೆ, ಮುಸಲ್ಮಾನ ಮನೆಗಳದರಲ್ಲಿ ಅರ್ಧಚಂದ್ರ ಕಾಣುವುದುಂಟು. ಮಕ್ಕಳ ಕೌದಿ ಚಿಕ್ಕದಾದರೂ ಅದಕ್ಕೇ ಹೆಚ್ಚು ಬಣ್ಣ, ಹೆಚ್ಚು ಟಿಕೇಲಿ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸದ ಪ್ರಾಧ್ಯಾಪಕ ಹೆನ್ರಿ ಜಾನ್ ಡ್ರೂವಲ್ ಅವರು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿಗೆ ಬಂದು ಈ ಕೌದಿಗಳನ್ನು ಅಭ್ಯಾಸ ಮಾಡಿದರು. ಕೌದಿ ಹೊಲಿಯುವ ಸಿದ್ದಿ ಮಹಿಳೆಯರ ಸಹಕಾರಿ ಕೂಟವೊಂದು ಆಗ ಹುಟ್ಟಿತು. ಇಲ್ಲಿಯ ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋದವು. ನಮ್ಮ ಅಂಗಳದ ಕಲೆಯನ್ನು ಗುರುತಿಸಲು ಸಾವಿರಾರು ಮೈಲಿ ಆಚೆಯಿಂದ ಒಬ್ಬರು ಬರಬೇಕಾಯಿತು ಎಂಬುದನ್ನು ನಾವು ನೆನಪಿನಲ್ಲಿಡುವುದು ಒಳ್ಳೆಯದು.

ಶಿಲುಬೆ ಎಲ್ಲಿರಬೇಕು?

ಕೆಲಸ ತೊಡಗುವ ಮೊದಲೇ ಒಂದು ಗಂಭೀರ ಪ್ರಶ್ನೆ ಎದ್ದಿತಂತೆ. ಮಲಗುವ ಕೌದಿಯಲ್ಲಿ ಶಿಲುಬೆ ಇಡುವುದು ಅವರಲ್ಲಿ ರೂಢಿ. ಅದು ಮೈಮೇಲೆ ಹೊದೆಯುವಂಥದು. ಶಿಲುಬೆ ಮಗುವನ್ನು ಕಾಯುತ್ತದೆ ಎಂಬ ನಂಬಿಕೆ. ಆದರೆ ಇದು ನೆಲಕ್ಕೆ ಹಾಸುವ ಕೌದಿ. ಮಕ್ಕಳು ಅದರ ಮೇಲೆ ತೆವಳುತ್ತವೆ, ತುಳಿಯುತ್ತವೆ, ಒದ್ದೆ ಮಾಡುತ್ತವೆ. ಪವಿತ್ರ ಚಿಹ್ನೆಯ ಮೇಲೆ ಇದೆಲ್ಲ ಆಗಬಹುದೆ? ವಯಸ್ಸಾದ ಒಬ್ಬ ಹೆಂಗಸು ಖಂಡಿತ ಕೂಡದೆಂದು ಹಟ ಹಿಡಿದರು. ಎರಡು ಭಾನುವಾರ ಈ ಮಾತು ತೀರಲಿಲ್ಲ. ಹೊಲಿಗೆಯೂ ತೊಡಗಲಿಲ್ಲ.

ನಾವು ಆ ಮತಕ್ಕೆ ಸೇರಿದವರಲ್ಲ. ಆದರೆ ನಮ್ಮ ಮನೆಗಳಲ್ಲೂ ದೇವರ ಚಿತ್ರವಿರುವ ಕಾಗದ ಕಾಲಿಗೆ ತಾಗಿದರೆ ಮುಟ್ಟಿ ನಮಸ್ಕರಿಸುವುದುಂಟು. ಆದ್ದರಿಂದ ಆ ಮುದುಕಿಯ ಸಂಕಟ ನಮಗೆ ಅರ್ಥವಾಗದ್ದೇನಲ್ಲ.

ಉತ್ತರ ಕೊಟ್ಟವರು ಬಾಯಿಯವರೇ. ಲೂಕನ ಸುವಾರ್ತೆಯಲ್ಲಿ ಯೇಸು ಹುಟ್ಟಿದಾಗ ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ದನಗಳ ಗೋದಲಿಯಲ್ಲಿ ಮಲಗಿಸಿದಳೆಂದಿದೆ. “ಗೋದಲಿಯಲ್ಲಿ ಮಲಗಿದ ದೇವರಿಗೆ ಮಗುವಿನ ಉಚ್ಚೆಯಿಂದ ಮೈಲಿಗೆ ಆಗ್ತದಾ? ಅವನನ್ನು ಸುತ್ತಿದ ಬಟ್ಟೆ ಒದ್ದೆ ಆಗಿಲ್ವಾ?” ಎಂದು ಅವರು ಕೇಳಿದರಂತೆ. ಮುದುಕಿ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಆದರೂ ಹಿರಿಯರ ಮನಸ್ಸು ನೋಯಿಸಬಾರದೆಂದು ಒಂದು ನಡುದಾರಿ ಕಂಡುಕೊಂಡರು. ಶಿಲುಬೆ ಕೌದಿಯ ನಡುವೆ ಬೇಡ. ತಾಯಿ ಕೂರುವ ಬದಿಯ ಅಂಚಿನಲ್ಲಿ, ಅವಳ ಮಡಿಲ ಮೇಲೆ ಬರುವಂತೆ ಇರಲಿ. ನಡುವೆ ಕಥೆಯ ಚಿತ್ರಗಳಿರಲಿ. ಹಾಗೆಂದು ಒಪ್ಪಿದ ಮೇಲೆ ಮೊದಲ ಸೂಜಿ ಹಾಕಿದವರು ಆ ಮುದುಕಿಯೇ.

ಏನೇನು ಚಿತ್ರ?

ಓದು ಬಾರದವರೂ ಕೇಳಿ ಬಲ್ಲ ಕಥೆಗಳನ್ನೇ ಆರಿಸಿದರು. ಒಂದೊಂದರಲ್ಲೂ ಮಗುವಿನ ಬೆರಳಿಗೆ ಏನಾದರೂ ಕೆಲಸವಿರಬೇಕೆಂಬುದು ನಿಯಮ.

ನೋಹನ ನಾವೆ: ಜಲಪ್ರಳಯದಲ್ಲಿ ಪ್ರಾಣಿಗಳನ್ನು ಜೋಡಿಜೋಡಿಯಾಗಿ ಕಾಪಾಡಿದ ಹಡಗು. ನೀಲಿ ಸೀರೆಯ ನೀರು, ಕಂದು ಬಟ್ಟೆಯ ಹಡಗು. ಹಡಗಿಗೆ ಬಟ್ಟೆಯದೇ ಒಂದು ಕದ. ಕದ ಎತ್ತಿದರೆ ಒಳಗೆ ಎರಡು ಆನೆ. ನಮ್ಮ ಸೀಮೆಯಲ್ಲಿ ಆನೆ ಎಂದರೆ ಎದೆ ಝಲ್ಲೆನ್ನುವ ಕಾಲ ಬಂದಿದ್ದರೂ ಮಕ್ಕಳಿಗೆ ಅದರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ.

ಯೋನನ ಮೀನು: ದೇವರ ಮಾತಿಗೆ ಓಡಿಹೋದ ಪ್ರವಾದಿಯನ್ನು ನುಂಗಿ, ಮೂರು ದಿನದ ಮೇಲೆ ದಡಕ್ಕೆ ಉಗುಳಿದ ದೊಡ್ಡ ಮೀನು. ಮೀನಿನ ಬಾಯಿಯೇ ಒಂದು ಜೇಬು. ಚಿಂದಿಯಲ್ಲಿ ಮಾಡಿದ ಯೋನನನ್ನು ಒಳಗೆ ಹಾಕಬಹುದು, ಹೊರಗೆ ಎಳೆಯಬಹುದು. ಎಲ್ಲಕ್ಕಿಂತ ಹೆಚ್ಚು ಓಡಿದ್ದು ಇದೇ ಚಿತ್ರವೆಂದು ಆಮೇಲೆ ತಿಳಿಯಿತು.

ತಪ್ಪಿಸಿಕೊಂಡ ಕುರಿ: ನೂರು ಕುರಿಗಳಲ್ಲಿ ಒಂದು ಕಾಣೆಯಾದಾಗ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿಹೋದ ಕುರುಬನ ಸಾಮ್ಯ. ಹಳೆಯ ಕಂಬಳಿಯ ತುಂಡಿನಿಂದ ಕುರಿಯ ಮೈ. ಹತ್ತಿಯ ನುಣುಪಿನ ಪಕ್ಕದಲ್ಲಿ ಕಂಬಳಿಯ ಒರಟು ಬೆರಳಿಗೆ ತಾಗಿದಾಗ ಮಗು ಅಲ್ಲೇ ನಿಲ್ಲುತ್ತದೆ.

ಬೆತ್ಲೆಹೇಮಿನ ನಕ್ಷತ್ರ: ಕಪ್ಪು ಬಟ್ಟೆಯ ಮೇಲೆ ಬಿಳಿ ನಕ್ಷತ್ರ. ಹುಟ್ಟಿದ ಕೆಲವು ವಾರಗಳ ಮಗುವಿಗೆ ತಿಳಿಬಣ್ಣಗಳು ಸರಿಯಾಗಿ ಕಾಣವು. ಕಪ್ಪು ಬಿಳುಪಿನಂಥ ಗಾಢ ಅಂತರವೇ ಮೊದಲು ಕಣ್ಣು ಸೆಳೆಯುತ್ತದೆ. ಹೆಂಗಸರು ಇದನ್ನು ಪುಸ್ತಕದಲ್ಲಿ ಓದಿದವರಲ್ಲ, ಮಕ್ಕಳನ್ನು ನೋಡಿ ಬಲ್ಲರು.

ಯೋಸೇಫನ ನಿಲುವಂಗಿ: ತಂದೆ ಪ್ರೀತಿಯ ಮಗನಿಗೆ ಹೊಲಿಸಿಕೊಟ್ಟ ಬಣ್ಣಬಣ್ಣದ ಅಂಗಿ. ಇದಕ್ಕೆ ಊರಿನ ಪ್ರತಿಯೊಂದು ಮನೆಯಿಂದಲೂ ಒಂದು ತುಂಡು ಬಟ್ಟೆ ತಂದರು. ಅದರಲ್ಲಿ ನಮ್ಮ ತಾಯಿಯವರ ಒಂದು ಹಳೆಯ ಇಳಕಲ್ ಸೀರೆಯ ಸೆರಗಿನ ಚೂರೂ ಸೇರಿಕೊಂಡಿತು.

ಮಾಡುವ ಕ್ರಮ

ಆಸಕ್ತ ಸದಸ್ಯರ ಮನೆಯವರಿಗಾಗಿ ಕ್ರಮವನ್ನು ನಾವು ಕೇಳಿ ಬರೆದುಕೊಂಡಿದ್ದೇವೆ. ಚಿತ್ರಗಳು ಅವರವರ ಶ್ರದ್ಧೆಯಂತೆ ಬೇರೆಯಾಗಬಹುದು, ಹೊಲಿಗೆ ಒಂದೇ.

ಅಳತೆ ೩ ಅಡಿ ಉದ್ದ, ೩ ಅಡಿ ಅಗಲ ಸಾಕು. ದೊಡ್ಡದಾದರೆ ಒಗೆಯಲು ಭಾರ, ಒಣಗಲು ತಡ. ಹತ್ತಿಯ ಬಟ್ಟೆಯೇ ಆಗಬೇಕು. ಹಲವು ಸಲ ಒಗೆದು ಮೆತ್ತಗಾದ ಸೀರೆ, ಪಂಚೆ, ಅಂಗಿಗಳು ಉತ್ತಮ. ಬಳಸುವ ಮೊದಲು ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಬಣ್ಣ ಬಿಡುವುದೋ ಎಂದು ತಿಳಿಯಲು ಒದ್ದೆ ತುಂಡನ್ನು ಬಿಳಿಯ ಬಟ್ಟೆಯ ಮೇಲೆ ತಿಕ್ಕಿ ನೋಡಬೇಕು. ಬಣ್ಣ ಹತ್ತಿದರೆ ಆ ತುಂಡು ಬೇಡ, ಏಕೆಂದರೆ ಮಗು ಅದನ್ನು ಬಾಯಿಗೆ ಹಾಕುವುದು ಖಂಡಿತ.

ಅಡಿಗೆ ಸೀರೆಯನ್ನು ಎರಡು ಮೂರು ಪದರ ಹಾಸಿ, ಅಂಚನ್ನು ಒಳಕ್ಕೆ ಮಡಿಸಿ, ಮೂಲೆಯಿಂದ ಹೊಲಿಗೆ ತೊಡಗುವುದು. ಪ್ರತಿ ತುಂಡಿನ ಅಂಚನ್ನೂ ಒಳಕ್ಕೆ ಮಡಿಸಿಯೇ ಕೂಡಿಸಬೇಕು, ಇಲ್ಲವಾದರೆ ಎಳೆ ಬಿಡುತ್ತದೆ. ಕದ, ಜೇಬುಗಳಿರುವ ಚಿತ್ರಗಳನ್ನು ಬೇರೆಯಾಗಿ ಹೊಲಿದಿಟ್ಟುಕೊಂಡು ಸುತ್ತು ಆ ಜಾಗಕ್ಕೆ ಬಂದಾಗ ಸೇರಿಸುವುದು. ಕದದ ಮೇಲಂಚಿಗೆ ಮೂರು ಸಾಲು ಹೊಲಿಗೆ ಬೇಕು; ಮಕ್ಕಳ ಎಳೆತ ಸಾಮಾನ್ಯವಲ್ಲ.

ಸುತ್ತು ನಡುವಿಗೆ ಬಂದು, ಅಂಗೈಯಗಲ ಜಾಗ ಉಳಿದಾಗ ಬಾಯಿಯವರು ನಾಲ್ಕಾರು ಅಕ್ಕಿಕಾಳನ್ನು ಅಲ್ಲಿಟ್ಟು ಮೇಲೆ ಕೊನೆಯ ತುಂಡು ಮುಚ್ಚಿ ಹೊಲಿದರು. ಏಕೆಂದು ಕೇಳಿದೆವು. ಕೌದಿಯ ಹೊಟ್ಟೆ ತುಂಬಬೇಕು, ಅದರ ಮೇಲೆ ಮಲಗಿದ ಮಗುವಿನ ಹೊಟ್ಟೆ ಯಾವತ್ತೂ ಖಾಲಿ ಇರಬಾರದು ಎಂದರು.

ಕೆಲವು ಎಚ್ಚರಿಕೆಗಳು

ಗುಂಡಿ, ಮಣಿ, ಗೆಜ್ಜೆ, ಹುಕ್ಕು ಇವನ್ನು ಹೊಲಿಯಲೇಬಾರದು. ಕಿತ್ತುಬಂದರೆ ಮಗುವಿನ ಗಂಟಲಿಗೆ ಹೋಗುತ್ತದೆ. ಒಬ್ಬ ಹುಡುಗಿ ಕುರಿಯ ಕೊರಳಿಗೆ ಗೆಜ್ಜೆ ಕಟ್ಟೋಣವೆಂದಳಂತೆ. ಅದು ಅಪಾಯ ಮಾತ್ರವಲ್ಲ, ಸದ್ದು ತಗ್ಗಿಸಲು ಮಾಡುವ ಕೌದಿಯಲ್ಲಿ ಗೆಜ್ಜೆ ಏಕೆ ಎಂದು ಎಲ್ಲರೂ ನಕ್ಕರು. ಕಣ್ಣು ಮೂಗುಗಳನ್ನು ದಾರದಿಂದಲೇ ಹೊಲಿಯಬೇಕು. ಗೊಂಬೆ ಕಟ್ಟುವ ಪಟ್ಟಿ ಅರ್ಧ ಗೇಣಿಗಿಂತ ಉದ್ದವಿರಕೂಡದು. ಉದ್ದನೆಯ ದಾರ ಕೊರಳಿಗೆ ಸುತ್ತಿಕೊಳ್ಳುತ್ತದೆ. ಜರಿಯ ಅಂಚು ಎಳೆಯ ಚರ್ಮವನ್ನು ಗೀರುತ್ತದೆ. ಮುಗಿದ ಮೇಲೆ ಸೂಜಿಗಳನ್ನು ಎಣಿಸಿಯೇ ಏಳಬೇಕು.

ಇದು ಎಚ್ಚರವಿರುವ ಮಗು ತಾಯಿಯ ಕಣ್ಣೆದುರು ಆಡಲು ಮಾಡಿದ ಹಾಸು. ವರ್ಷ ತುಂಬದ ಮಗು ನಿದ್ದೆಹೋದರೆ ಮೆತ್ತನೆಯ ಹಚ್ಚಡ, ಗೊಂಬೆಗಳು ಅದರ ಮುಖದ ಬಳಿ ಇರಬಾರದೆಂದು ವೈದ್ಯರು ಹೇಳುತ್ತಾರೆ.

ನಮ್ಮಂಥ ಬೆಳೆಗಾರರ ಮನೆಗಳಿಗೆ ವಿಶೇಷವಾಗಿ ಒಂದು ಮಾತು. ಮದ್ದು ಹೊಡೆಯುವಾಗ ಉಟ್ಟ ಬಟ್ಟೆಯನ್ನು ಮಕ್ಕಳ ಕೌದಿಗೆ ಯಾವ ಕಾರಣಕ್ಕೂ ಕೊಡಬಾರದು. ಬೋರ್ಡೋ ದ್ರಾವಣದ ಮೈಲುತುತ್ತದ ಕಲೆ ಎಷ್ಟು ಒಗೆದರೂ ಪೂರ್ತಿ ಹೋಗದು. ಕೀಟನಾಶಕಗಳ ಮಾತಂತೂ ಇನ್ನೂ ಕೆಟ್ಟದ್ದು. ನಮ್ಮ ಮನೆಯಿಂದ ಕಟ್ಟಿಕೊಟ್ಟ ಗಂಟಿನಲ್ಲಿ ಹಾಗೆ ನೀಲಿ ಕಲೆಯಾದ ಒಂದು ಪಂಚೆಯಿತ್ತು. ಬಾಯಿ ಅದನ್ನು ಮೂಸಿ ನೋಡಿ ಬದಿಗಿಟ್ಟರು. ನಾವು ಹೇಳಬೇಕಾಗಿದ್ದುದನ್ನು ಅವರೇ ಮಾಡಿದರು.

ಮಳೆಗಾಲದಲ್ಲಿ ಕೌದಿಗೆ ಬೂಷ್ಟು ಹಿಡಿಯುವುದು ನಮ್ಮ ಸೀಮೆಯ ಹಳೆಯ ಪೀಡೆ. ದಪ್ಪ ಕೌದಿ ಒಳಗೆ ಒದ್ದೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಪದರ ತೆಳುವಾಗಿರಬೇಕು. ಒಂದರ ಬದಲು ಎರಡು ಮಾಡಿಕೊಂಡು, ಒಂದು ಬಳಕೆಯಲ್ಲಿರುವಾಗ ಇನ್ನೊಂದನ್ನು ಒಲೆಯ ಮೇಲಿನ ಬಿಸಿಗೆ ಒಣಗಿಸಬೇಕು.

ನಾತಾಳದ ಪೂಜೆ

ಮೂರು ಕೌದಿಗಳು ಸಿದ್ಧವಾಗುವ ಹೊತ್ತಿಗೆ ಕೊನೆ ಕೊಯ್ಲು ತೊಡಗಿತ್ತು. ಹಗಲೆಲ್ಲ ಬೇರೆ ಕೆಲಸ, ಇಳಿಹೊತ್ತಿನಿಂದ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವುದು, ಅದು ಮುಗಿದ ಮೇಲೆ ಮನೆಗೆ ಹೋಗಿ ದೀಪದ ಬೆಳಕಿನಲ್ಲಿ ಹೊಲಿಗೆ. ಅಡಿಕೆಯ ಚೊಗರಿನಿಂದ ಬೆರಳು ಕಪ್ಪಾಗಿರುತ್ತದೆ. ಬಿಳಿಯ ನಕ್ಷತ್ರವನ್ನು ಹೊಲಿಯುವ ದಿನ ಹುಳಿಯಿಂದ ಕೈ ತಿಕ್ಕಿ ತೊಳೆದು ಕುಳಿತರೆಂದು ಕೇಳಿದೆವು.

ನಾತಾಳಕ್ಕೆ ನಮ್ಮನ್ನೂ ಕರೆದಿದ್ದರು. ನಾವು ಹಿಂದಿನ ಸಾಲಿನಲ್ಲಿ ಕುಳಿತೆವು. ಮೂಲೆಯಲ್ಲಿ ಕೌದಿ ಹಾಸಿತ್ತು. ಮೇಲೆ ಏಳು ಕೂಸುಗಳು. ಅಳು ಇರಲೇ ಇಲ್ಲವೆಂದು ಬರೆದರೆ ಸುಳ್ಳಾದೀತು. ಒಂದು ಮಗು ಯೋನನನ್ನು ಮೀನಿನ ಬಾಯಿಂದ ಎಳೆದು ಬಿಡಲೊಲ್ಲದು, ಇನ್ನೊಂದಕ್ಕೂ ಅದೇ ಬೇಕು. ಆದರೆ ಅಷ್ಟರಲ್ಲಿ ಮೂರನೆಯದು ನಾವೆಯ ಕದವನ್ನು ಎತ್ತುವುದರಲ್ಲಿ, ಮುಚ್ಚುವುದರಲ್ಲಿ ಮಗ್ನವಾಗಿತ್ತು. ಜಗಳವಾಡುತ್ತಿದ್ದವೂ ಅತ್ತ ತಿರುಗಿದವು. ಬಾಯಿಯವರ ಸೊಸೆ ಶಿಲುಬೆಯಿದ್ದ ಅಂಚನ್ನು ಮಡಿಲಿಗೆಳೆದುಕೊಂಡು, ಒಂದು ಕೈ ಮಗುವಿನ ಬೆನ್ನ ಮೇಲಿಟ್ಟು, ಪ್ರವಚನವನ್ನು ಮೊದಲಿಂದ ಕೊನೆಯವರೆಗೆ ಕೇಳಿದಳು. ಹೊರಗೆ ಮಾವಿನ ಮರದ ಬುಡದಲ್ಲಿ ಆ ದಿನ ಯಾರೂ ಇರಲಿಲ್ಲ.

ನಮ್ಮಿಂದಾದ ತಪ್ಪು

ಇನ್ನು ನಮ್ಮ ಕಥೆ. ಕೌದಿಯನ್ನು ಕಂಡು ಬಹಳ ಸಂತೋಷಪಟ್ಟ ನಾವು, ಅಂಥದೊಂದನ್ನು ಸಂಘದ ಕಚೇರಿಯ ಗೋಡೆಗೆ ತೂಗುಹಾಕಿದರೆ ಶೋಭೆ ಎಂದು ಯೋಚಿಸಿದೆವು. ಜನವರಿಯಲ್ಲಿ ಬಾಯಿಯವರಿಗೆ ಹೇಳಿ ಕಳಿಸಿ, ಇನ್ನೊಂದು ಕೌದಿ ಹೊಲಿದುಕೊಡಿ, ಐನೂರು ರೂಪಾಯಿ ಕೊಡೋಣ ಎಂದೆವು. ಹಳೆಯ ಬಟ್ಟೆ ನಮ್ಮದೇ, ದಾರಕ್ಕೇನು ಮಹಾ ಖರ್ಚು, ಕೆಲಸ ಹೇಗೂ ಬಿಡುವಿನ ವೇಳೆಯದು ಎಂಬುದು ನಮ್ಮ ಲೆಕ್ಕ.

ಬಾಯಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತು, “ಅದು ಗೋಡೆಗೆ ಹಾಕೂಕೆ ಅಲ್ರಾ ಒಡೇರೆ, ಮಕ್ಕಳಿಗೆ ಹಾಸೂಕೆ,” ಎಂದು ಹೊರಟುಹೋದರು.

ರಾತ್ರಿ ನಮ್ಮ ಮನೆಯವರು ಕೇಳಿದರು: “ಒಂದು ಕೌದಿಗೆ ಎಷ್ಟು ದಿನ ಹಿಡಿಯಿತು, ಕೇಳಿದಿರಾ?” ಕೇಳಿರಲಿಲ್ಲ. ಮರುದಿನ ಕೇಳಿದೆವು. ರಾತ್ರಿ, ಭಾನುವಾರ, ಮಳೆ ಹಿಡಿದ ಮಧ್ಯಾಹ್ನಗಳನ್ನೆಲ್ಲ ಕೂಡಿಸಿ ಪೂರ್ತಿ ದಿನವೆಂದು ಎಣಿಸಿದರೆ ಒಬ್ಬರ ೧೧ ದಿನದ ಕೆಲಸ. ಅದೇ ೧೧ ದಿನ ನಮ್ಮ ಅಂಗಳದಲ್ಲಿ ಅಡಿಕೆ ಸುಲಿದಿದ್ದರೆ ಸಿಗುತ್ತಿದ್ದ ಕೂಲಿಯ ಲೆಕ್ಕ ಹಾಕಿದೆವು. ಅದು ನಾವು ಹೇಳಿದ ಬೆಲೆಯ ಎಂಟು ಪಟ್ಟನ್ನೂ ಮೀರಿತು.

ಪೇಟೆಯಲ್ಲಿ ವ್ಯಾಪಾರಿಯು ನಮ್ಮ ಅಡಿಕೆಗೆ ಧಾರಣೆ ಹೇಳುವಾಗ ಮರ ಹತ್ತಿದವನ ಪ್ರಾಣಭಯ, ಬೇಯಿಸಿದ ಕಟ್ಟಿಗೆ, ಮೂರು ಸಲ ಹೊಡೆದ ಮದ್ದು ಯಾವುದನ್ನೂ ಎಣಿಸುವುದಿಲ್ಲವೆಂದು ನಾವು ಪ್ರತಿ ಮಹಾಸಭೆಯಲ್ಲೂ ದೂರುತ್ತೇವೆ. ಸಹಕಾರಿ ಸಂಘ ಹುಟ್ಟಿದ್ದೇ ಆ ದೂರಿನಿಂದ. ಹೀಗಿರುವಾಗ ಇಪ್ಪತ್ತು ವರ್ಷ ನಮ್ಮ ಫಸಲು ಸುಲಿದ ಕೈಯ ಕೆಲಸಕ್ಕೆ ನಾವೇ ಅಂಥ ಧಾರಣೆ ಹೇಳಿದೆವು. ಬಿಡುವಿನ ವೇಳೆಯೆಂದು ನಾವು ಕರೆದದ್ದು ಅವರು ನಿದ್ದೆಗೆಟ್ಟ ವೇಳೆ.

ನಾವು ಅವರ ಮನೆಗೆ ಹೋಗಿ, ತಪ್ಪಾಯಿತೆಂದು ಹೇಳಿಬಂದೆವು. ಹೇಳುವುದು ಸುಲಭವಾಗಿರಲಿಲ್ಲ ಎಂಬುದನ್ನೂ ಬರೆಯಬೇಕು. ಬಾಯಿ ಚಹಾ ಕೊಟ್ಟರು. ಗೋಡೆಯ ಕೌದಿಯ ಮಾತನ್ನು ನಾವು ಮತ್ತೆ ಎತ್ತಲಿಲ್ಲ.

ಮುಂದೇನು?

೧೯೫೧ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯು ೫೦ ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುಗೃಹ ಇರಬೇಕೆಂದು ವಿಧಿಸಿತ್ತು. ದೊಡ್ಡ ಕಾಫಿ ತೋಟಗಳಿಗೆ ಅದು ಅನ್ವಯಿಸಿತು. ಎರಡು ಮೂರು ಎಕರೆಯ ನಮ್ಮಂಥವರಿಗೆ ತಟ್ಟಲಿಲ್ಲ. ಆದರೆ ನಮ್ಮ ಅಂಗಳಕ್ಕೂ ಹಸುಗೂಸುಗಳು ತಾಯಂದಿರ ಜೊತೆ ಬರುತ್ತವೆ. ಇಷ್ಟು ವರ್ಷ ಅವುಗಳನ್ನು ಗೋಣಿಚೀಲದ ಮೇಲೆ, ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಮಲಗಿಸಿದ್ದನ್ನು ನಾವೆಲ್ಲರೂ ಕಂಡಿದ್ದೇವೆ, ಕಂಡು ಸುಮ್ಮನಿದ್ದೇವೆ. ಮೆಟ್ಟುಗತ್ತಿಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಚೊಕ್ಕಟವಾದ ಜಾಗ, ಕಾಯಲು ಒಬ್ಬರು, ಹಾಸಲು ಒಂದು ಆಟದ ಕೌದಿ; ಇದು ಯಾರ ಶಕ್ತಿಗೂ ಮೀರಿದ್ದಲ್ಲ.

ನಮ್ಮ ಮನೆಯ ಅಂಗಳಕ್ಕಾಗಿ ಬಾಯಿಯವರಿಂದ ಎರಡು ಕೌದಿ ಹೊಲಿಸಿದೆವು. ದಿನದ ಲೆಕ್ಕದಲ್ಲಿ, ಸುಲಿಯುವ ಕೂಲಿಗೆ ಕಡಿಮೆಯಿಲ್ಲದಂತೆ ಹಣ ಸಲ್ಲಿಸಿದೆವು. ಎಲ್ಲ ಮತದ ಮಕ್ಕಳೂ ಅಲ್ಲಿ ಬರುವುದರಿಂದ ಯಾವ ಚಿತ್ರ ಹಾಕಬೇಕೆಂಬುದನ್ನು ಅವರಿಗೇ ಬಿಟ್ಟೆವು. ಆನೆ, ಮೀನು, ಕುರಿ, ನಕ್ಷತ್ರ ಹಾಗೇ ಉಳಿದವು. ಅಡಿಕೆ ಮರವೊಂದು ಹೊಸತಾಗಿ ಸೇರಿತು. ನಾಲ್ಕು ಮೂಲೆಯ ಹೂವನ್ನು ಮಾತ್ರ ಬಿಡಲಿಲ್ಲ.

ಆಸಕ್ತ ಸದಸ್ಯರು ಮನೆಯ ಹಳೆಯ ಹತ್ತಿ ಬಟ್ಟೆಗಳನ್ನು ಒಗೆದು, ಮದ್ದಿನ ಬಟ್ಟೆಗಳನ್ನು ಬೇರ್ಪಡಿಸಿ, ಸಂಘದ ಕಚೇರಿಗೆ ತಂದುಕೊಟ್ಟರೆ ಹೊಲಿಯುವವರಿಗೆ ತಲುಪಿಸುವ ಏರ್ಪಾಡು ಮಾಡುತ್ತೇವೆ. ಕೌದಿ ಬೇಕಾದವರು ಬೆಲೆ ಹೇಳುವ ಮೊದಲು ದಿನಗಳನ್ನು ಕೇಳಬೇಕಾಗಿ ವಿನಂತಿ. ಈ ವಿನಂತಿಯನ್ನು ಮಾಡುವ ಅಧಿಕಾರ ನಮಗೆ ಅನುಭವದಿಂದ ಬಂದಿದೆ.